ಕಂಬದ ಮೇಲಿನಿಂದ ನಮಸ್ಕಾರ

ಮಾಲತೇಶಣ್ಣ ನೆಲದ ಮೇಲೆ ನಿಂತು ಮಾತಾಡಿದ ವಿಡಿಯೋ ಒಂದನ್ನೂ ನಾನು ನೋಡಿಲ್ಲ. ವಿದ್ಯುತ್ ಕಂಬದ ತುದಿಗೆ ಹತ್ತಿ, ಎರಡೂ ಕಾಲುಗಳಿಂದ ಕಂಬವನ್ನು ತಬ್ಬಿಕೊಂಡು, ಸೊಂಟಕ್ಕೆ ಬಿಗಿದ ಹಗ್ಗಕ್ಕೆ ಬೆನ್ನು ಕೊಟ್ಟು, ಒಂದು ಕೈಯಲ್ಲಿ ಫೋನು ಹಿಡಿದು ಶುರು ಮಾಡುತ್ತಿದ್ದ: "ನಮಸ್ಕಾರ್ರೀ ಕೆಳಗ ಕುಂತೋರಿಗೆಲ್ಲಾ! ಮ್ಯಾಲ ಜಾಗಾ ಖಾಲಿ ಐತಿ, ಲಗೂ ಬರ್ರಿ!" ಆಮೇಲೆ ಯಾವ ಇಲಾಖೆ, ಏನು ಓದಿರಬೇಕು, ಅರ್ಜಿಗೆ ಕೊನೆಯ ದಿನ ಯಾವುದು, ಯಾವ ಯಾವ ಪ್ರಮಾಣಪತ್ರ ಬೇಕು ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸುವನು. ತಲೆಯ ಹಿಂದೆ ಬ್ಯಾಡಗಿಯ ಆಕಾಶ, ಭುಜದ ಪಕ್ಕ ಯಾರದೋ ಕಣದಲ್ಲಿ ಒಣಗಲು ಹಾಕಿದ ಮೆಣಸಿನಕಾಯಿಯ ಕೆಂಪು. ಮಾತು ಮುಗಿದ ಮೇಲೆ ಫೋನು ಬಂದ್ ಮಾಡುವಷ್ಟೂ ತಾಳ್ಮೆ ಇಲ್ಲ. ಅದನ್ನು ಅಂಗಿಯೊಳಗೆ ಇಳಿಬಿಟ್ಟು ಸರ್ರನೆ ಇಳಿದುಬಿಡುವನು. ಹಾಗಾಗಿ ಪ್ರತಿ ವಿಡಿಯೋದ ಕೊನೆಗೂ ಒಂದಿಷ್ಟು ಕತ್ತಲೆ, ಏದುಸಿರು, ಆಮೇಲೆ ಧಪ್ಪೆಂಬ ಸದ್ದು ಇರುತ್ತಿತ್ತು. ಎಷ್ಟೋ ಮಂದಿ ಆ ಧಪ್ಪಿಗಾಗಿಯೇ ಕೊನೆಯವರೆಗೆ ನೋಡುತ್ತಿದ್ದರು.

ಆ ಕಂಬಕ್ಕೆ ತಂತಿ ಇರಲಿಲ್ಲ. ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಹೋಗುವ ದಾರಿಯಲ್ಲಿ, ಅವನ ಅಕ್ಕ ಗಿರಿಜಕ್ಕನ ಹೊಲದ ಬದುವಿನ ಮೇಲೆ ಅದೊಂದೇ ನಿಂತಿತ್ತು. ಹಳೆಯ ಲೈನು ಬದಲಿಸಿದಾಗ ಕಿತ್ತು ಒಗೆದ ಸಿಮೆಂಟಿನ ಕಂಬ. ರಸ್ತೆ ಪಕ್ಕದ ಹುಲ್ಲಿನಲ್ಲಿ ಮುಚ್ಚಿಹೋಗಿತ್ತಂತೆ. ಇವನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು ನೆಟ್ಟ. ಯಾರಾದರೂ ಕೇಳಿದರೆ, "ಅದನ್ನ ಒಯ್ಯಾಕ ಯಾರೂ ಬರಲಿಲ್ಲ. ನನ್ನ ಒಯ್ಯಾಕನೂ ಯಾರೂ ಬಂದಿಲ್ಲ. ಇಬ್ಬರೂ ಕೂಡಿಕೊಂಡೇವಿ" ಎನ್ನುತ್ತಿದ್ದ. ಕಂಬ ನೆಟ್ಟ ಹೊಸದರಲ್ಲಿ ಸುತ್ತಲಿನ ಹೊಲದವರಿಗೆ ಹೊಸ ಲೈನು ಬಂತೆಂದು ಭಾರಿ ಖುಷಿಯಾಗಿತ್ತಂತೆ. ಒಬ್ಬ ಮುದುಕಿ ದಿನಾ ಬಂದು, "ತಮ್ಮಾ, ನಮ್ಮ ಬೋರಿಗೆ ಯಾವತ್ತ ಕೊಡ್ತೀರಿ?" ಎಂದು ಕೇಳುತ್ತಿದ್ದಳು. ಇವನು, "ಆಯೀ, ಇದು ಕರೆಂಟಿನ ಕಂಬ ಅಲ್ಲ, ನೌಕರಿ ಕಂಬ" ಎಂದರೆ ಅವಳು ಅದನ್ನು ಸರಕಾರದ ಹೊಸ ಯೋಜನೆಯೆಂದು ತಿಳಿದು, ತನ್ನ ಮೊಮ್ಮಗನ ಹೆಸರೂ ಬರೆದುಕೊ ಎಂದಳು. ಹೆಸರು ಬರೆದುಕೊಂಡನೋ ಇಲ್ಲವೋ, ಮರುದಿನವೇ ಮೊಮ್ಮಗನನ್ನು ಹಿಡಿದು ತಂದು ಕಂಬ ಹತ್ತಿಸಿದ್ದು ಮಾತ್ರ ನಿಜ.

ಹೊಟ್ಟೆಪಾಡಿಗೆ ಅವನು ಬ್ಯಾಡಗಿಯ ಮಾರುಕಟ್ಟೆಯ ಹತ್ತಿರದ ಒಂದು ಅಂಗಡಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಅದು ಕೂತು ಮಾಡುವ ಕೆಲಸ, ಕೂರುವುದೆಂದರೆ ಇವನಿಗೆ ಆಗದು. ನಿಂತೇ ಸುತ್ತುವನು, ನಿಂತೇ ಉಣ್ಣುವನು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ಕಂಬಿ ಹಿಡಿದು ನಿಲ್ಲುವನು. ನಾನೊಮ್ಮೆ ಬಲವಂತ ಮಾಡಿ ಕೂರಿಸಿದೆ. ಮೊಣಕಾಲು ಎಷ್ಟು ಜೋರಾಗಿ ಕುಣಿಸತೊಡಗಿದನೆಂದರೆ ಮುಂದಿನ ಸೀಟಿನ ಹೆಂಗಸು ತಿರುಗಿ, "ಯಪ್ಪಾ, ಬಸ್ಸು ಮೊದಲ ಅಲಗ್ಯಾಡತೈತಿ, ನೀನೂ ಯಾಕ ಅಲಗ್ಯಾಡಸ್ತಿ?" ಎಂದಳು. ಅವನು ಎದ್ದು ನಿಂತ. "ಕುಂತ್ರ ನನ್ನ ವಯಸ್ಸು ಲೆಕ್ಕಾ ಮಾಡಾಕ ಶುರು ಮಾಡ್ತೇನಿ, ಅದಕ್ಕ ನಾ ಒಲ್ಲೆ ಅಂದಿದ್ದು" ಎಂದ.

ವಯಸ್ಸೇ ಅವನ ತಳಮಳ. ಹರೆಯದಿಂದಲೂ ಅವನಿಗಿದ್ದದ್ದು ಒಂದೇ ಆಸೆ: ಲೈನ್‌ಮನ್ ಆಗಬೇಕು, ಅದೂ ಸರಕಾರಿ ಲೈನ್‌ಮನ್. ಮೋಟಾರಿನ ಕೆಲಸದವನೆಂದು ಎಷ್ಟೋ ಸಲ ಲೈನ್‌ಮನ್‌ಗಳ ಹಿಂದೆ ಸಹಾಯಕನಾಗಿ ಹೋಗಿದ್ದ. ಕಂಬದ ಮೇಲಿನ ಗಾಳಿ ಅವನ ತಲೆಗೆ ಹೊಕ್ಕಿದ್ದು ಆಗಲೇ. ಆದರೆ ಅಂಥ ಹುದ್ದೆಗೆ ಕರೆಯುವುದು ಯಾವಾಗಲೋ ಒಮ್ಮೆ. ಹಿಂದಿನ ಸಲ ಕರೆದಾಗ ಅವನಿಗೆ ಸುದ್ದಿಯೇ ತಿಳಿದಿರಲಿಲ್ಲ. ತಿಳಿಯುವ ಹೊತ್ತಿಗೆ ಅರ್ಜಿಯ ದಿನ ಮುಗಿದಿತ್ತು. ಅದೇ ಓಣಿಯ ಗೆಳೆಯನೊಬ್ಬ ಅರ್ಜಿ ಹಾಕಿ, ದಿನಾ ಇವನ ಜೊತೆ ಚಹಾ ಕುಡಿಯುತ್ತಿದ್ದರೂ ಬಾಯಿ ಬಿಟ್ಟಿರಲಿಲ್ಲ. ಗೆಳೆಯ ಲೈನ್‌ಮನ್ ಆದ. ಇವನು ಕಂಬ ನೆಟ್ಟು, ಫೋನಿನಲ್ಲಿ ಒಂದು ಚಾನೆಲ್ ತೆರೆದು, ಯಾವ ಇಲಾಖೆ ಯಾವ ಕೆಲಸಕ್ಕೆ ಕರೆದರೂ ಜಿಲ್ಲೆಗೆಲ್ಲ ಕೇಳುವಂತೆ ಕೂಗತೊಡಗಿದ. ಪೊಲೀಸು, ಕಂಡಕ್ಟರು, ಅರಣ್ಯ ಕಾವಲು, ಯಾವುದನ್ನೂ ಬಿಡುತ್ತಿರಲಿಲ್ಲ. ಆದರೆ ಕಾಯುತ್ತಿದ್ದದ್ದು ಲೈನ್‌ಮನ್ ಹುದ್ದೆಗೆ. ಮುಂದಿನ ಕರೆಯೇ ಅವನ ವಯಸ್ಸಿಗೆ ಕೊನೆಯದು, ಆಮೇಲೆ ಅವನು ಅರ್ಜಿ ಹಾಕುವಂತಿಲ್ಲ. ಇದು ಅವನ ವಿಡಿಯೋ ನೋಡುವ ಎಲ್ಲರಿಗೂ ಗೊತ್ತಿತ್ತು, ಯಾಕೆಂದರೆ ಅದನ್ನೂ ಅವನು ಕಂಬದ ಮೇಲಿಂದಲೇ ಹೇಳಿಕೊಂಡಿದ್ದ.

ಬಾಯಿ ಬಿಡದಿರುವ ವಿದ್ಯೆ ನಮ್ಮ ಕಡೆ ಚೆನ್ನಾಗಿ ಬೆಳೆದಿದೆ. ಹಾವೇರಿಯಲ್ಲಿ ಹುಡುಗರು ಪರೀಕ್ಷೆಗೆ ಓದುತ್ತ ಕೂರುವ ಯಾವುದೇ ಕೋಣೆಗೆ ಹೋಗಿ ನೋಡಿ. ಪುಸ್ತಕಗಳಿಗೆಲ್ಲ ಹಳೆಯ ಪೇಪರಿನ ಹೊದಿಕೆ. ಯಾವ ಹುದ್ದೆಗೆ ಓದುತ್ತಿದ್ದಾನೆಂದು ಪಕ್ಕದವನಿಗೆ ಕಾಣಬಾರದು. ಯಾರಾದರೂ ಹತ್ತಿರ ಬಂದರೆ ಫೋನು ಬೋರಲು ಬೀಳುತ್ತದೆ. "ಏನ್ ಓದಾಕತ್ತೀದಿ?" ಎಂದರೆ "ಏನಿಲ್ಲೋ, ಹಂಗ ಸುಮ್ಮನ" ಎಂಬ ಉತ್ತರ. ಅರ್ಜಿ ಹಾಕಿದ್ದನ್ನು ತಾಯಿಗೆ ಹೇಳುತ್ತಾರೆ, ತಂದೆಗೆ ಹೇಳುವುದಿಲ್ಲ. ತಂದೆ ಹೋಗಿ ಕಟ್ಟೆಯ ಮೇಲೆ ಹೇಳಿಬಿಡುತ್ತಾನೆ. ಅರ್ಧ ದೃಷ್ಟಿ ತಾಗುವ ಅಂಜಿಕೆ, ಅರ್ಧ ಪೈಪೋಟಿಯ ಅಂಜಿಕೆ. ನಾನೂ ರಜೆಯ ದಿನ ಅಗಡಿಯಿಂದ ಬಂದು ಅಂಥ ಕೋಣೆಯಲ್ಲಿ ಕೂತವನೇ, ನನ್ನ ಪುಸ್ತಕಕ್ಕೂ ಹೊದಿಕೆ ಇತ್ತು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ನನಗೆ ಈಗಲೂ ಕಾಣುವುದಿಲ್ಲ. ಇರುವುದು ಒಂದು ಹಿಡಿ ಹುದ್ದೆ, ಕೈ ಚಾಚಿದವರು ಜಿಲ್ಲೆಯಷ್ಟು.

ಕೊನೆಗೆ ಆ ಕರೆ ಬಂತು. ಅಂದು ನಡೆದದ್ದನ್ನು ಗಿರಿಜಕ್ಕ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಅವಳು ಮಾರುಕಟ್ಟೆಯ ಶೆಡ್ಡಿನಲ್ಲಿ ಉಳಿದ ಹೆಂಗಸರ ಜೊತೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ಮಾಲತೇಶಣ್ಣ ಓಡಿ ಬಂದ, "ಅಕ್ಕಾ, ಕರದಾರ!" ಎಂದ. ಅವಳು ಮೊದಲು ಕಣ್ಣೀರು ಒರೆಸಿಕೊಳ್ಳಲು ಹೋಗಿ, ಕೈಯಲ್ಲಿ ಖಾರ ಇದ್ದದ್ದು ನೆನಪಾಗಿ, ಸೆರಗಿನಿಂದ ಒರೆಸಿಕೊಂಡಳು. ಆಮೇಲೆ ಅವನು ಫೋನು ತೆಗೆದದ್ದು ನೋಡಿ ಅವನ ಕೈ ಹಿಡಿದಳು.

"ಇದೊಂದ್ ಸಲ ಸುಮ್ಮನಿರು. ಹತ್ತನೇತ್ತೆ ಮಾರ್ಕ್ಸ್ ನೋಡಿ ಕರೀತಾರ ಅಂತ ನೀನ ಹೇಳಿದಿ. ನಿನ್ನ ಮಾರ್ಕ್ಸು ಅಷ್ಟಕ್ಕಷ್ಟ ಅದಾವು. ಜಾಸ್ತಿ ಮಾರ್ಕ್ಸಿನವರು ಎಲ್ಲೆಲ್ಲಿ ಅದಾರೋ, ಅವರಿಗೆ ಗೊತ್ತಿಲ್ಲ. ಗೊತ್ತಾಗೂದೂ ಬ್ಯಾಡ."

"ಅಕ್ಕಾ, ನನಗ ಯಾರೂ ಹೇಳಲಿಲ್ಲಂತ ನಾ ಇಷ್ಟ ವರ್ಷ ಬೈಕೋಂತ ಬಂದೇನಿ. ಈಗ ನಾನೂ ಬಾಯಿ ಮುಚ್ಚಿಕೊಂಡ್ರ ಆ ಗೆಳೆಯಗೂ ನನಗೂ ಏನ್ ಫರಕ?"

"ಫರಕ ಐತಿ. ಅವನಿಗೆ ನೌಕರಿ ಐತಿ."

ಶೆಡ್ಡಿನ ಹೆಂಗಸರೆಲ್ಲ ನಕ್ಕರಂತೆ. ಮಾಲತೇಶಣ್ಣನೂ ನಕ್ಕ. ಆದರೆ ಕಂಬದವರೆಗೆ ಹೋಗುವಷ್ಟು ತಡೆಯದೆ, ಅಲ್ಲೇ ಒಟ್ಟಿದ್ದ ಮೆಣಸಿನಕಾಯಿ ಚೀಲಗಳ ಮೇಲೆ ಹತ್ತಿ ನಿಂತು ವಿಡಿಯೋ ಶುರು ಮಾಡಿದ. ಚೀಲಗಳು ಅಲುಗಿ ಘಾಟು ಎದ್ದಿತು. "ವಿದ್ಯಾರ್ಹತೆ ಹತ್ತನೇತ್ತೆ... ಆಕ್ಷೀ! ವಯಸ್ಸು... ಆಕ್ಷೀ! ಮಾರ್ಕ್ಸಿನ ಮ್ಯಾಲ ಕರೀತಾರ, ಆಮ್ಯಾಲೆ ಕಂಬ... ಕಂಬ... ಆಕ್ಷೀ! ಹತ್ತಬೇಕ್ರಿ!" ಮೂಗು ಕೆಂಪು, ಕಣ್ಣಲ್ಲಿ ನೀರು, ಹಿಂದೆ ಹೆಂಗಸರ ನಗೆ. ಎಷ್ಟು ವರ್ಷ ಕಂಬದ ಮೇಲೆ ಗಂಟಲು ಹರಿದುಕೊಂಡರೂ ಸಿಗದ ನೋಡುಗರು ಆ ಸೀನುಗಳಿಗೆ ಸಿಕ್ಕರು. ಹಿರೇಕೆರೂರಿನಿಂದ ಹಿಡಿದು ತುಂಗಭದ್ರೆಯ ದಂಡೆಯ ಐರಣಿಯವರೆಗೆ ಅದನ್ನು ಒಬ್ಬರಿಗೊಬ್ಬರು ಕಳಿಸಿಕೊಂಡು ನಕ್ಕರು. ನಕ್ಕವರಲ್ಲಿ ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದು ಕಿರಾಣಿ ಅಂಗಡಿ, ಟ್ರ್ಯಾಕ್ಟರು, ಬೀಜದ ಕಂಪನಿ ಎಂದು ಎಲ್ಲೆಲ್ಲೋ ಸೇರಿಕೊಂಡವರೂ ಇದ್ದರು.

ನಾನು ಬೀಜದ ಕಂಪನಿಯವನು. ದಿನಾ ಅಗಡಿಯಿಂದ ಹಾವೇರಿಗೆ, ಹಾವೇರಿಯಿಂದ ರಾಣೆಬೆನ್ನೂರಿಗೆ ಎರಡು ಬಸ್ಸು ಹಿಡಿದು ಹೋಗಿ, ಸಂಜೆಯವರೆಗೆ ಬೀಜದ ಪೊಟ್ಟಣ ಕಟ್ಟುತ್ತಿದ್ದೆ. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಆ ವಿಡಿಯೋ ಬಂತು. ನಗುತ್ತಲೇ ಕೆಳಗೆ ಒಂದು ಸಾಲು ಹಾಕಿದೆ: ಮಾರ್ಕ್ಸ್ ಭರ್ಜರಿ ಅದಾವು, ಆದರೆ ಮಾಳಿಗೆ ಹತ್ತಿದರೇ ತಲೆ ತಿರುಗುತ್ತದೆ. ಜೊತೆಗೆ ಊರು, ಕಂಪನಿಯ ಹೆಸರೂ ಬರೆದು ಫೋನು ಕಿಸೆಗೆ ಹಾಕಿಕೊಂಡೆ. ಮರುದಿನ ಸಂಜೆ ಕಂಪನಿಯ ಗೇಟಿನ ಹತ್ತಿರ ಒಬ್ಬ ನೀಲಿ ಅಂಗಿಯವನು ಬೈಕಿನ ಪಕ್ಕ ನಿಂತು, ಬರುವವರ ಮುಖವನ್ನೆಲ್ಲ ಫೋನಿನ ಫೋಟೋಕ್ಕೆ ಹೋಲಿಸಿ ನೋಡುತ್ತಿದ್ದ. ನನ್ನನ್ನು ಕಂಡೊಡನೆ ರಟ್ಟೆ ಹಿಡಿದ. ವಿಡಿಯೋದ ಮಾಲತೇಶಣ್ಣನೇ.

"ಅಗಡಿಯಾಂವ ನೀನ ಅಲ್ಲೇನು? ಎಷ್ಟ ಮಾರ್ಕ್ಸ ನಿನ್ನವು?"

ಹೇಳಿದೆ. ಅವನ ಮುಖ ಒಮ್ಮೆ ಸಪ್ಪಗಾಯಿತು. ಆಗ ನನಗೆ ಅರ್ಥವಾಗಿರಲಿಲ್ಲ. ಅವನು ನನ್ನ ಅಂಕದ ಪಕ್ಕ ತನ್ನದನ್ನು ಇಟ್ಟು ನೋಡಿಕೊಂಡಿದ್ದ. ಆದರೆ ಮರುಗಳಿಗೆಯೇ, "ಹತ್ತು ಗಾಡಿ. ಅರ್ಜಿ ಇವತ್ತ ಹಾಕೂನು" ಎಂದ.

"ಅಣ್ಣಾರ, ನಾ ಚ್ಯಾಷ್ಟಿಗೆ ಬರದಿದ್ದೆ. ನನಗ ಎತ್ತರ ಆಗಂಗಿಲ್ಲ."

"ಎತ್ತರ ಯಾರಿಗೂ ಆಗಂಗಿಲ್ಲೋ. ರೂಢಿ ಆಗತೈತಿ. ಲಗೂ ಹತ್ತು."

ಹೀಗೆ ಬರೆದವರನ್ನೆಲ್ಲ ಅವನು ಊರೂರಿಗೆ ಹೋಗಿ ಹಿಡಿದು ತಂದಿದ್ದನೆಂದು ಕಂಬದ ಹತ್ತಿರ ಹೋದ ಮೇಲೆ ತಿಳಿಯಿತು. ನಮ್ಮ ಹೆಸರುಗಳು ಅವನಿಗೆ ಬೇಕಿರಲಿಲ್ಲ. ಎಲ್ಲರನ್ನೂ ಅವರವರ ಊರಿನ ಹೆಸರಿನಿಂದಲೇ ಕರೆಯುತ್ತಿದ್ದ. "ಏ ಗುತ್ತಲ, ಕೈ ಬಿಡು." "ಏ ಐರಣಿ, ನದ್ಯಾಗ ಈಜಿದಂಗ ಅಲ್ಲ ಇದು." ನಾನು ಅಗಡಿಯಾದೆ. ನನ್ನ ನಿಜವಾದ ಹೆಸರು ಬಸವರಾಜ ಎಂಬುದು ಅವನಿಗೆ ಕೊನೆಯವರೆಗೂ ನೆನಪಿತ್ತೋ ಇಲ್ಲವೋ ಅನುಮಾನ.

ಕಂಬ ಹತ್ತುವುದನ್ನು ಅವನು ಕಲಿಸುವ ರೀತಿಯೇ ಬೇರೆ. ಕೆಳಗೆ ನೋಡಬೇಡ ಎಂದು ಜಗತ್ತೆಲ್ಲ ಹೇಳಿದರೆ ಇವನು ನೋಡು ಎನ್ನುತ್ತಿದ್ದ. ನನ್ನನ್ನು ಆಳೆತ್ತರಕ್ಕೆ ಹತ್ತಿಸಿ, ಸೊಂಟಕ್ಕೆ ಹಗ್ಗ ಬಿಗಿದು, ಅಲ್ಲೇ ಬಿಟ್ಟು ತಾನು ಚಹಾ ಕುಡಿಯಲು ಹೋಗುವನು. "ಕೆಳಗ ನೋಡ್ಕೋಂತ ಕುಂದ್ರು. ನೋಡಿ ನೋಡಿ ಬ್ಯಾಸರಾಗಲಿ. ಬ್ಯಾಸರಾದ ಮ್ಯಾಲ ಅಂಜಿಕಿ ಎಲ್ಲಿಂದ ಬರತೈತಿ?" ನಾನು ಬೈಯುತ್ತ, ದೇವರನ್ನು ಕರೆಯುತ್ತ, ಗಿರಿಜಕ್ಕನ ಎಮ್ಮೆ ಮೇಯುವುದನ್ನು ನೋಡುತ್ತ ಇರುತ್ತಿದ್ದೆ. ನಿಜಕ್ಕೂ ಕೆಲವು ದಿನಗಳಲ್ಲಿ ಬೇಸರ ಬಂತು. ಇನ್ನಷ್ಟು ಮೇಲಕ್ಕೆ ಹೋಗಿ ಬೇಸರಪಟ್ಟೆ. "ಕೈಲೆ ಎಳೀಬ್ಯಾಡ, ಕಾಲಲೆ ದಬ್ಬು" ಎಂಬುದು ಅವನ ಇನ್ನೊಂದು ಮಂತ್ರ. ಕಲಿಯುವವರೆಗೆ ಎಳೆದದ್ದೇ ಎಳೆದದ್ದು, ಅಂಗೈ ಸಿಪ್ಪೆ ಸುಲಿದು ಹೋಯಿತು.

ಒಂದು ಸಂಜೆ ಗಿರಿಜಕ್ಕ ಮಾರುಕಟ್ಟೆಯಿಂದ ಬಂದವಳು ನನ್ನ ಅಂಗೈ ನೋಡಿ ಮರುಗಿ, ಹೊಲದಲ್ಲೇ ಇದ್ದ ತನ್ನ ಮನೆಯೊಳಗಿನಿಂದ ಕೊಬ್ಬರಿ ಎಣ್ಣೆ ತಂದು ತಾನೇ ತಿಕ್ಕಿದಳು. ಬೆಳಗಿನಿಂದ ಮೆಣಸಿನಕಾಯಿ ಮುರಿದ ಕೈ ಅದು, ತೊಳೆದರೂ ಹೋಗುವ ಖಾರವಲ್ಲ. ನಾನು ಕೈ ಝಾಡಿಸುತ್ತ ಹೊಲದ ತುಂಬ ಕುಣಿದೆ. ಅವಳು "ಅಯ್ಯ ನನ ಶಿವನ, ಮರತ ಬಿಟ್ಟೆ" ಎಂದು ನೀರು ತರಲು ಓಡಿದಳು. ಮಾಲತೇಶಣ್ಣ ಕಂಬಕ್ಕೆ ಒರಗಿ ನಿಂತು, "ಇಷ್ಟ ಎತ್ತರ ಹಾರತೀದಿ, ಕಂಬ ಹತ್ತಾಕ ಏನ್ ದಾಡಿ ನಿನಗ?" ಎಂದ. ಆ ಉರಿಯಲ್ಲೂ ನನಗೆ ನಗು ಬಂತು. ನನಗೆ ಅವನು ಇಷ್ಟವಾದದ್ದು ಅಂದೇ ಎಂದು ಕಾಣುತ್ತದೆ.

ದೈಹಿಕ ಪರೀಕ್ಷೆಗೆ ಕರೆದವರ ಹೆಸರು ಬಂದ ದಿನ ನಾವೆಲ್ಲ ಆ ಕಂಬದ ಬುಡದಲ್ಲೇ ಇದ್ದೆವು. ಎಲ್ಲರಿಗಿಂತ ಮೊದಲು ಅವನೇ ಫೋನಿನಲ್ಲಿ ನೋಡಿದ. "ಅಗಡಿ ಐತಿ. ಗುತ್ತಲ ಐತಿ. ಐರಣಿ ಐತಿ" ಎಂದು ಕೂಗುತ್ತ ಹೋದ. ನಾವು ಕುಣಿದೆವು. ಆಮೇಲೆ ಅವನ ಬೆರಳು ಪರದೆಯ ಮೇಲೆ ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು, ಮತ್ತೆ ಮೇಲಕ್ಕೆ ಹೋಯಿತು. ಅವನು ಹೆಸರು ಕೂಗುವುದು ನಿಂತಿತು. ಕರೆಯಲು ಹಿಡಿದ ಅಂಕದ ಮಿತಿ ಹಿಂದಿನ ಸಲಕ್ಕಿಂತ ಮೇಲೇರಿತ್ತು, ಅವನ ಅಂಕ ಅದಕ್ಕೆ ಸ್ವಲ್ಪವೇ ಸ್ವಲ್ಪ ಕಡಿಮೆ ಬಿದ್ದಿತ್ತು. ನಮ್ಮೆಲ್ಲರಿಗೂ ಕಂಬ ಹತ್ತುವುದನ್ನು ಕಲಿಸಿದವನಿಗೆ ಕಂಬ ಹತ್ತಿ ತೋರಿಸಲೂ ಕರೆ ಬರಲಿಲ್ಲ. ಗಿರಿಜಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಎದ್ದು ಒಳಗೆ ಹೋದಳು.

ಆ ದಿನ ಮೊದಲ ಸಲ ಮಾಲತೇಶಣ್ಣ ನೆಲದ ಮೇಲೆ ಕೂತದ್ದನ್ನು ನೋಡಿದೆ. ಮೊಣಕಾಲೂ ಕುಣಿಯುತ್ತಿರಲಿಲ್ಲ. ನಮಗೆ ಸಿಕ್ಕ ಖುಷಿಯನ್ನು ಎಲ್ಲಿ ಅಡಗಿಸಿಡಬೇಕೆಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ ಎದ್ದು ಪ್ಯಾಂಟು ಝಾಡಿಸಿಕೊಂಡು, "ಯಾಕ ಹಂಗ ನಿಂತೀರಿ? ನಾಳಿಂದ ಟೈಂ ಇಟ್ಟು ಹತ್ತಬೇಕು" ಎಂದ.

ಪರೀಕ್ಷೆ ಹುಬ್ಬಳ್ಳಿಯ ಒಂದು ಮೈದಾನದಲ್ಲಿ ನಡೆಯಿತು. ಅವನೂ ನಮ್ಮ ಜೊತೆ ಬಂದ, ಬಸ್ಸಿನಲ್ಲಿ ನಿಂತೇ ಬಂದ. ಗೇಟಿನಲ್ಲಿ ಅವನನ್ನು ತಡೆದರು. ನನ್ನ ಸರದಿ ಬಂದಾಗ ಅರ್ಧ ಕಂಬ ಸಲೀಸಾಗಿ ಹತ್ತಿದೆ. ಆಮೇಲೆ ಕೈ ಸೋತಿತು. ಕೆಳಗೆ ನೋಡಿದೆ, ಅಂಜಿಕೆಯಾಗಲಿಲ್ಲ, ಆದರೆ ಕೈ ಮೇಲೆ ಹೋಗಲೊಲ್ಲದು. ಆಗ ಕಾಂಪೌಂಡಿನ ಆಚೆಯ ಬೇವಿನ ಮರದಲ್ಲಿ ನೀಲಿ ಅಂಗಿ ಕಂಡಿತು. ಎಲ್ಲರೂ ಗೋಡೆಯ ಮೇಲೆ ಇಣುಕುತ್ತಿದ್ದರೆ ಇವನು ಮರದ ತುದಿಗೇ ಹೋಗಿದ್ದ. "ಅಗಡೀ! ಕಾಲಲೆ ದಬ್ಬೋ! ಕಾಲಲೆ!" ನಾವಿಬ್ಬರೂ ಆಗ ಒಂದೇ ಎತ್ತರದಲ್ಲಿದ್ದೆವು, ನಡುವೆ ಗೋಡೆ ಇತ್ತು. ನಾನು ದಬ್ಬಿದೆ. ತುದಿ ಮುಟ್ಟಿ ತಿರುಗಿ ನೋಡುವಷ್ಟರಲ್ಲಿ ಕಾವಲಿನವರು ಅವನನ್ನು ಮರದಿಂದ ಇಳಿಸುತ್ತಿದ್ದರು.

ನನಗೆ ಕೆಲಸ ಸಿಕ್ಕಿತು. ಐರಣಿಯ ಕಡೆಗೇ ಹಾಕಿದರು. ಅಲ್ಲಿ ಹೊಳೆಯ ಗಾಳಿಗೆ ತಂತಿಗಳು ಹಗಲೆಲ್ಲ ಗುಂಯ್‌ಗುಡುತ್ತವೆ. ಬಿಡುವಿದ್ದಾಗ ಬ್ಯಾಡಗಿಗೆ ಹೋಗುತ್ತಿದ್ದೆ. ಮಾಲತೇಶಣ್ಣ ವಿಡಿಯೋ ಮಾಡುವುದನ್ನು ಬಿಟ್ಟಿರಲಿಲ್ಲ, ಆದರೆ ಕಂಬದ ಮೇಲೆ ಹತ್ತಿ ಏನೂ ಹೇಳದೆ ಇಳಿದು ಬರುವುದನ್ನೂ ನಾನು ಕಂಡೆ. ಮೋಟಾರಿನ ಅಂಗಡಿಯಲ್ಲಿ ಮಾಲೀಕನೊಡನೆ ಜಗಳವಾಡಿದ. ಮತ್ತೊಂದು ಅಂಗಡಿ ಸೇರಿ ಅಲ್ಲಿಯೂ ನಿಲ್ಲಲಿಲ್ಲ. ಒಂದು ದಿನ ಗಿರಿಜಕ್ಕ ಫೋನು ಮಾಡಿ, "ಅವ ಹೊಂಟಾನ. ಟವರ್ ಲೈನ್ ಎಳೆಯೋ ಮಂದಿ ಕೂಡ ಒಡಿಶಾಕ್ಕ ಹೊಂಟಾನ. ನೀನರ ಹೇಳಿ ನೋಡು" ಎಂದಳು. ಬಯಲಿನಲ್ಲಿ ದೈತ್ಯರಂತೆ ನಿಲ್ಲುವ ಕಬ್ಬಿಣದ ಗೋಪುರಗಳಿರುತ್ತವಲ್ಲ, ಅವುಗಳನ್ನು ಕಟ್ಟುವ ಗುತ್ತಿಗೆಯವರ ಕೂಲಿ ಕೆಲಸ ಅದು.

ರಾಣೆಬೆನ್ನೂರಿನ ಸ್ಟೇಶನ್ನಿನಲ್ಲಿ ಅವನು ಬ್ಯಾಗು ಹೆಗಲಿಗೆ ಹಾಕಿಕೊಂಡು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಅಡ್ಡಾಡುತ್ತಿದ್ದ. ನಾನೂ ಪಕ್ಕದಲ್ಲಿ ಅಡ್ಡಾಡಿದೆ. ಹೋಗಬೇಡ ಎಂದೆ. ಅವನು ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. ಕೊನೆಗೆ ಇಷ್ಟು ದಿನ ಯಾರೂ ಕೇಳದಿದ್ದದ್ದನ್ನು ಕೇಳಿಬಿಟ್ಟೆ.

"ಅಣ್ಣಾ, ಅವತ್ತ ನೀ ಸುಮ್ಮನಿದ್ದಿದ್ರ ನಿನಗ ಕರೆ ಬರತಿತ್ತೇನು?"

"ಬರತಿತ್ತು" ಎಂದ ತಟ್ಟನೆ. "ನಮ್ಮ ಗುಂಪಿನವರು ಹಾಕಿದ್ದಿಲ್ಲಂದ್ರ ನನಗ ಬರತಿತ್ತು. ಅದನ್ನ ಒಂದ್ ಸಲ ಅಲ್ಲ, ದಿನಾ ಲೆಕ್ಕಾ ಮಾಡೇನಿ."

"ನನ್ನ ಮ್ಯಾಲ ಸಿಟ್ಟ ಐತೇನು?"

ಅವನು ಅಡ್ಡಾಡುವುದನ್ನು ನಿಲ್ಲಿಸಿದ. "ಐತಿ. ಸುಳ್ಳ ಯಾಕ ಹೇಳ್ಲಿ? ನೀ ಕಂಬ ಹತ್ತಿದಾಗೆಲ್ಲಾ ಖುಷಿನೂ ಆಗತೈತಿ, ಸಿಟ್ಟೂ ಬರತೈತಿ. ಅಕ್ಕ ಹೇಳಿದ್ದು ಖರೇನ ಐತಿ. ಆದ್ರ ಏನ್ ಮಾಡ್ಲಿ, ಗೊತ್ತಿದ್ದದ್ದು ಹೊಟ್ಯಾಗ ಇಟಗೊಂಡು ನನಗ ನಿದ್ದಿ ಬರಂಗಿಲ್ಲ. ಅದೊಂದ್ ರೋಗ ನನಗ."

ಗಾಡಿ ಬಂತು. ಹತ್ತುವ ಮುಂಚೆ ಕಿಸೆಯಿಂದ ಫೋನು ತೆಗೆದು, ಚಾನೆಲ್ಲನ್ನು ನನ್ನ ಹೆಸರಿಗೆ ಮಾಡಿಕೊಟ್ಟ. "ಟವರ್ ಮ್ಯಾಲ ಫೋನ್ ಒಯ್ಯಾಕ ಬಿಡಂಗಿಲ್ಲಂತ. ನೀ ನೋಡ್ಕೋ. ಕರೆ ಬಂದ ದಿನಾನ ಹೇಳಬೇಕು ಮತ್ತ, ಅಗಡಿ." ಒಳಗೆ ಎಷ್ಟೋ ಸೀಟು ಖಾಲಿ ಇದ್ದವು. ಅವನು ಬಾಗಿಲ ಕಂಬಿ ಹಿಡಿದು ನಿಂತೇ ಹೋದ.

ಮೊದಮೊದಲು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಆಮೇಲೆ ಅದೂ ವಿರಳವಾಯಿತು. ಒಂದು ಕಡೆ ಕೆಲಸ ಮುಗಿದರೆ ಇನ್ನೊಂದು ಕಡೆಗೆ ಹೋಗುತ್ತಾರಂತೆ. ಈಗ ಎಲ್ಲಿದ್ದಾನೆಂದು ಗಿರಿಜಕ್ಕನಿಗೂ ಸರಿಯಾಗಿ ತಿಳಿಯದು. ನಾನು ಚಾನೆಲ್ಲಿನಲ್ಲಿ ಆಗಾಗ ಇಲಾಖೆಗಳ ಪ್ರಕಟಣೆ ಹಾಕುತ್ತಿದ್ದೆ, ಬರೀ ಬರಹದಲ್ಲಿ. ಕಂಬ ಹತ್ತಿ ಮಾತಾಡುವುದು ನನ್ನಿಂದಾಗದು ಎಂದುಕೊಂಡಿದ್ದೆ.

ಮೊನ್ನೆ ಲೈನ್‌ಮನ್ ಹುದ್ದೆಗೆ ಮತ್ತೆ ಕರೆದರು. ಸುದ್ದಿ ನೋಡಿದವನೇ ಮನೆಗೆ ಫೋನು ಮಾಡಿದೆ, ಯಾಕೆಂದರೆ ನನ್ನ ತಮ್ಮ ನಾಗರಾಜನೂ ಅರ್ಜಿ ಹಾಕುವವನೇ. ಅವನ ಅಂಕ ಅಷ್ಟಕ್ಕಷ್ಟೇ, ಹೆಚ್ಚುಕಡಿಮೆ ಮಾಲತೇಶಣ್ಣನಷ್ಟೇ. ಅವ್ವ ಎಲ್ಲ ಕೇಳಿ, "ಬಸ್ಯಾ, ಅದನ್ನ ಫೋನಿನ್ಯಾಗ ಹಾಕಬ್ಯಾಡಪ. ತಮ್ಮಂದು ಒಂದು ಆಗಲಿ, ಆಮ್ಯಾಲೆ ಊರಿಗೆಲ್ಲಾ ಡಂಗುರ ಹೊಡಿ" ಎಂದಳು. ಆಯ್ತು ಎಂದೆ. ಮನಸ್ಸಿನಿಂದಲೇ ಆಯ್ತು ಎಂದೆ. ತಮ್ಮನಿಗಿಂತ ನನಗೆ ಜಿಲ್ಲೆ ದೊಡ್ಡದಲ್ಲ.

ಆದರೆ ಅಂದು ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಕಂಬದ ಮೇಲೆ ಕೂತಾಗಲೂ ಮೊಣಕಾಲು ಕುಣಿಯುತ್ತಿತ್ತು, ಬಸ್ಸಿನಲ್ಲಿ ಮಾಲತೇಶಣ್ಣನದು ಕುಣಿದಂತೆ. ಸಂಜೆ ಬೈಕು ಹತ್ತಿದವನು ಅಗಡಿಯ ದಾರಿ ಬಿಟ್ಟು ಬ್ಯಾಡಗಿಗೆ ಹೋದೆ. ದಾರಿಯಲ್ಲಿ ತಮ್ಮನಿಗೆ ಫೋನು ಮಾಡಿ, ಸುದ್ದಿಯನ್ನು ಚಾನೆಲ್ಲಿನಲ್ಲಿ ಹಾಕುತ್ತೇನೆಂದು ಹೇಳಿದೆ. ಅವನು, "ನನಗ ಕರೆ ಬರಲಿಲ್ಲಂದ್ರ ನಿನ್ನ ಕೂಡ ಮಾತಾಡಂಗಿಲ್ಲ ನೋಡು" ಎಂದು ಇಟ್ಟುಬಿಟ್ಟ. ಅವನು ಹೇಳಿದಂತೆ ಮಾಡುವವನೇ.

ಕಂಬ ಹಾಗೆಯೇ ಇತ್ತು. ಹೊಲದಲ್ಲಿ ಯಾರೂ ಕಾಣಲಿಲ್ಲ. ಗಿರಿಜಕ್ಕನನ್ನು ಕರೆದರೆ ಧೈರ್ಯ ಕರಗೀತೆಂದು ಕರೆಯದೆಯೇ ಚಪ್ಪಲಿ ಬಿಟ್ಟು, ಸೊಂಟಕ್ಕೆ ಹಗ್ಗ ಬಿಗಿದು ಹತ್ತಿದೆ. ತುದಿಯಲ್ಲಿ ಹಗ್ಗಕ್ಕೆ ಬೆನ್ನು ಕೊಟ್ಟು ಫೋನು ಎತ್ತಿ ಹಿಡಿದೆ. ಏನೆಂದು ಶುರು ಮಾಡುವುದೋ ಯೋಚಿಸಿರಲಿಲ್ಲ. ಅವನ ಮಾತೇ, ಅವನ ರಾಗದಲ್ಲೇ ನನ್ನ ಬಾಯಿಂದ ಬಂತು. "ನಮಸ್ಕಾರ್ರೀ ಕೆಳಗ ಕುಂತೋರಿಗೆಲ್ಲಾ! ಮ್ಯಾಲ ಜಾಗಾ ಖಾಲಿ ಐತಿ, ಲಗೂ ಬರ್ರಿ!"

ಮನೆಯೊಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಗಿರಿಜಕ್ಕ ಬಾಗಿಲು ದಾಟಿ, ಅಂಗಳ ದಾಟಿ, ಸೆರಗು ಜಾರಿದ್ದೂ ಲೆಕ್ಕಿಸದೆ ಓಡಿ ಬಂದಳು. "ಮಾಲತೇಶಾ! ಯಾವಾಗ ಬಂದ್ಯೋ? ಹೇಳಬಾರದನೋ ನನಗ?" ಕಂಬದ ಬುಡಕ್ಕೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ನೋಡುತ್ತಲೇ ಇದ್ದಳು. ನಾನು ಎಂಬುದು ಅವಳಿಗೆ ತಿಳಿದ ಗಳಿಗೆ ನನಗೆ ಮೇಲಿನಿಂದಲೇ ಕಂಡಿತು.

"ನೀನೇನು?" ಎಂದಳು.

ನನಗೆ ಅಳು ಬಂತು, ಫೋನಿನಲ್ಲಿ ವಿಡಿಯೋ ಇನ್ನೂ ಓಡುತ್ತಲೇ ಇತ್ತು. ಅವಳು ಕಣ್ಣು ಒರೆಸಿಕೊಳ್ಳಲು ಕೈ ಎತ್ತಿ, ಅರ್ಧಕ್ಕೆ ತಡೆದು, ಸೆರಗು ಹುಡುಕಿಕೊಂಡಳು.

"ಮತ್ತ ಯಾಕ ನಿಲ್ಲಿಸಿದಿ?" ಎಂದಳು ಕೆಳಗಿನಿಂದ. "ಕೊನೇ ದಿನ ಯಾವಾಗಂತ ಹೇಳು."